'ಅನುಭವಿ ಟರ್ನರ್ ಬೇಕಾಗಿದ್ದಾರೆ' ಬೋರ್ಡು ಇಳಿಸಿ, ನಿಮ್ಮ ಶೆಡ್ಡಿನಲ್ಲೇ ತಯಾರು ಮಾಡಿ: ದಾವಣಗೆರೆ, ಹರಿಹರದ ಸಣ್ಣ ಕಾರ್ಖಾನೆಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಕೈಗಾರಿಕಾ ಪ್ರದೇಶದಲ್ಲಿ ಒಂದು ಸುತ್ತು ಹಾಕಿದರೆ ನಾಲ್ಕು ಗೇಟಿಗೊಂದು ಬೋರ್ಡು ಕಾಣುತ್ತದೆ: 'ಟರ್ನರ್, ಫಿಟ್ಟರ್, ವೆಲ್ಡರ್ ಬೇಕಾಗಿದ್ದಾರೆ. ಅನುಭವ ಕಡ್ಡಾಯ.' ಬಿಸಿಲಿಗೆ ಅಕ್ಷರ ಮಾಸಿರುತ್ತದೆ, ಬೋರ್ಡು ಮಾತ್ರ ಇಳಿಯುವುದಿಲ್ಲ. ಒಳಗೆ ಹೋದರೆ ಯಜಮಾನರು "ಜನಾನೇ ಸಿಗ್ತಿಲ್ಲ ನೋಡ್ರಿ" ಅನ್ನುತ್ತಾರೆ. ಅದೇ ಹೊತ್ತಿಗೆ ಐಟಿಐ ಮುಗಿಸಿದ ಹುಡುಗ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಪೀಣ್ಯದ ದಾರಿ ನೋಡುತ್ತಿರುತ್ತಾನೆ. ಎಲ್ಲರಿಗೂ ಅನುಭವ ಇರುವವನು ಬೇಕು, ಅನುಭವ ಕೊಡೋಕೆ ಯಾರೂ ತಯಾರಿಲ್ಲ. ನಾನೂ ಹತ್ತು ವರ್ಷ ಹೀಗೇ ಇದ್ದೆ.

ನನ್ನದು ಸಣ್ಣ ಮೆಷಿನ್ ಶಾಪ್. ಎರಡು ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂ ಮೇಲೆ ನಡೆಯುವ ಯಂತ್ರ), ಮೂರು ಹಳೇ ಲೇಥ್ (ಲೋಹದ ತುಂಡನ್ನು ತಿರುಗಿಸುತ್ತಾ ಕತ್ತರಿಸುವ ಯಂತ್ರ, ಇದನ್ನು ನಡೆಸುವವನೇ ಟರ್ನರ್), ಒಂದು ಮಿಲ್ಲಿಂಗ್, ಮೂಲೆಯಲ್ಲಿ ವೆಲ್ಡಿಂಗ್. ಒಟ್ಟು 17 ಜನ. ಕೆಳಗೆ ಬರೆದಿರುವುದು ಈ ಗಾತ್ರದ ಕಾರ್ಖಾನೆಗೆ. ಗಾರ್ಮೆಂಟ್ಸ್ ನಡೆಸುವವರು ಯಂತ್ರದ ಹೆಸರು ಬದಲಿಸಿಕೊಂಡು ಓದಿ, ವಿಷಯ ಅದೇ.

ಈ ಊರಿಗೆ ಕೈಕೆಲಸ ಹೊಸದೇನಲ್ಲ. ದಾವಣಗೆರೆಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನೋ ಹೆಸರು ಬಂದಿದ್ದು ಹತ್ತಿ ಗಿರಣಿಗಳಿಂದ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥ್‌ಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತು. ಆಮೇಲೆ ಗಿರಣಿಗಳು ಮುಚ್ಚಿದವು, ಕಿರ್ಲೋಸ್ಕರ್ ಕೂಡ ಮುಚ್ಚಿತು. ಆದರೆ ಕೆಲಸ ಗೊತ್ತಿದ್ದವರು ಇಲ್ಲೇ ಉಳಿದರು. ಅವರಲ್ಲಿ ಎಷ್ಟೋ ಜನ ಈಗ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದು ಕಟ್ಟೆ ಮೇಲೆ ಕೂತಿರುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1. ಕೆಲಸವನ್ನು ಬಿಡಿಸಿ ಬರೆಯಿರಿ

'ಆಪರೇಟರ್ ಬೇಕು' ಅಂದರೆ ಏನೂ ಹೇಳಿದ ಹಾಗಲ್ಲ. ಒಂದು ದಿನ ನಿಮ್ಮ ಒಳ್ಳೇ ಆಪರೇಟರ್ ಪಕ್ಕ ನೋಟ್‌ಬುಕ್ ಹಿಡಿದು ನಿಂತು, ಅವನು ಕೈಯಲ್ಲಿ ಏನೇನು ಮಾಡುತ್ತಾನೆ ಅಂತ ಬರೆದುಕೊಳ್ಳಿ. ನಮ್ಮಲ್ಲಿ ಬಂದ ಪಟ್ಟಿ ಹೀಗಿತ್ತು: ಡ್ರಾಯಿಂಗ್‌ನಲ್ಲಿ ಯಾವ ಅಳತೆ ಮುಖ್ಯ ಅಂತ ಗುರುತಿಸುವುದು, ಜಾಬನ್ನು, ಅಂದರೆ ತಯಾರಾಗಬೇಕಾದ ತುಂಡನ್ನು, ಚಕ್ಕಿಗೆ (ಅದನ್ನು ಕಚ್ಚಿ ಹಿಡಿದು ತಿರುಗುವ ಭಾಗಕ್ಕೆ) ಹಿಡಿಸುವುದು, ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ಬಿಲ್ಲೆ) ಬದಲಿಸುವುದು, ಮೈಕ್ರೋಮೀಟರ್‌ನಲ್ಲಿ ಅಳೆಯುವುದು, ಆಫ್‌ಸೆಟ್ (ಅಳತೆ ತಪ್ಪಿದಷ್ಟನ್ನು ಸರಿಮಾಡಲು ಯಂತ್ರಕ್ಕೆ ಒತ್ತುವ ಸಂಖ್ಯೆ) ತಿದ್ದುವುದು, ಬರ್ (ಅಂಚಿನಲ್ಲಿ ಉಳಿಯುವ ಚೂಪು ಚೂರು) ತೆಗೆಯುವುದು, ಕೂಲೆಂಟ್ (ಟೂಲ್ ತಂಪಾಗಿಸುವ ದ್ರವ) ನೋಡಿಕೊಳ್ಳುವುದು, ರಿಪೋರ್ಟ್ ತುಂಬುವುದು. ಪ್ರೋಗ್ರಾಂ ಬರೆಯುವುದು ಇದರಲ್ಲಿ ಇಲ್ಲವೇ ಇಲ್ಲ! ಅದಕ್ಕೆ ಇಡೀ ಶಾಪಿಗೆ ಒಬ್ಬರು ಸಾಕು. ನಾವು ಮಾತ್ರ ಅಲ್ಲಿಯವರೆಗೆ ಬಂದವರಿಗೆಲ್ಲ "ಪ್ರೋಗ್ರಾಮಿಂಗ್ ಬರುತ್ತಾ?" ಅಂತ ಕೇಳಿ ವಾಪಸ್ ಕಳಿಸುತ್ತಿದ್ದೆವು.

ಪ್ರತಿ ಸಾಲಿನ ಮುಂದೆ ಕಲಿಯೋಕೆ ಎಷ್ಟು ದಿನ ಬೇಕು ಅಂತ ಬರೆಯಿರಿ. ಬರ್ ತೆಗೆಯುವುದಕ್ಕೆ ಒಂದು ದಿನ ಸಾಕು. ಅಳತೆಗೆ ಎರಡು ವಾರ. ಆಫ್‌ಸೆಟ್ ಧೈರ್ಯವಾಗಿ ತಿದ್ದೋಕೆ ಎರಡು ಮೂರು ತಿಂಗಳು. ಆಗ ಗೊತ್ತಾಗುತ್ತದೆ, ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಹೊಸಬನಿಗೆ ಮೂರು ತಿಂಗಳಲ್ಲಿ ಕಲಿಸುವಂಥದ್ದು.

2. ಬಸ್ಸಿನ ಟೈಮು ನೋಡಿ ಜನ ಹುಡುಕಿ

ಕಾರ್ಖಾನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಯಾವ ಯಾವ ಊರಿದೆ ಅಂತ ಬರೆದುಕೊಳ್ಳಿ. ನಮಗೆ ಕಕ್ಕರಗೊಳ್ಳ, ಬಾಡ, ಆನಗೋಡು, ಮಾಯಕೊಂಡ, ಆ ಕಡೆ ಹರಿಹರ, ಮಲೇಬೆನ್ನೂರು. ಆ ಊರುಗಳಿಂದ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಸಂಜೆ ಕೊನೇದು ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು ಆಮೇಲೆ ಪಾಳಿ ಇಡಿ. ನಾವು ಪಾಳಿಯನ್ನು 20 ನಿಮಿಷ ತಡವಾಗಿ ಶುರು ಮಾಡಿದ ತಿಂಗಳಿಂದ 'ಲೇಟ್' ಅನ್ನೋ ಜಗಳ ನಿಂತಿತು. ಸುಮ್ನೆ ಅಷ್ಟು ವರ್ಷ ಹುಡುಗರಿಗೆ ಬೈದಿದ್ದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಹಳ್ಳಿಯಿಂದ ಬರೋಕೆ ಮೊದಲು ಸಂಬಳದ ಒಂದು ಪಾಲು ಬಸ್ಸಿಗೇ ಹೋಗುತ್ತಿತ್ತು, ಈಗ ಅದು ಕೈಯಲ್ಲಿ ಉಳಿಯುತ್ತದೆ. ನಮ್ಮ ಅಳತೆ ಟೇಬಲ್ ಮೇಲೆ ಈಗ ಇಬ್ಬರು ಅಕ್ಕಂದಿರಿದ್ದಾರೆ, ಒಬ್ಬರು ಸಿಎನ್‌ಸಿಗೂ ನಿಲ್ಲುತ್ತಾರೆ. ಆದರೆ ಕರೆಯುವ ಮುಂಚೆ ಬೋಲ್ಟು ಸರಿಯಾಗಿ ಬೀಳುವ, ನೀರು ಬರುವ ಶೌಚಾಲಯ ಕಟ್ಟಿಸಿ. ಇದು ಸಣ್ಣ ಮಾತು ಅನ್ನಿಸಿದರೆ, ಮೊದಲ ಸಲ ಬಂದ ಮೂವರು ಒಂದು ವಾರಕ್ಕೇ ಕೆಲಸ ಬಿಟ್ಟಿದ್ದು ಇದಕ್ಕೇ ಅಂತ ತಿಳಿದುಕೊಳ್ಳಿ.

ಇನ್ನೊಂದು ಗುಂಪಿದೆ. ಬೆಂಗಳೂರಿಗೆ ಹೋಗಿ ಎರಡು ಮೂರು ವರ್ಷ ದುಡಿದು, ರೂಮಿನ ಬಾಡಿಗೆಗೂ ಹೋಟೆಲ್ ಊಟಕ್ಕೂ ಸಂಬಳ ಸುರಿದು, ಅಪ್ಪನಿಗೆ ಹುಷಾರಿಲ್ಲ ಅಂತಲೋ ಮದುವೆ ಅಂತಲೋ ಊರಿಗೆ ಬಂದವರು. ಇವರಿಗೆ ಬೆಂಗಳೂರಿನ ಸಂಬಳ ಕೊಡೋಕೆ ಆಗದೆ ಇರಬಹುದು. ಎದುರಿಗೆ ಕೂರಿಸಿಕೊಂಡು, ಅಲ್ಲಿ ಖರ್ಚು ಕಳೆದು ಎಷ್ಟು ಉಳಿಯುತ್ತಿತ್ತು, ಇಲ್ಲಿ ಎಷ್ಟು ಉಳಿಯುತ್ತದೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿ.

ಸ್ಥಳೀಯರಿಗೆ ಕೆಲಸ ಅಂತ 2024ರ ಜುಲೈನಲ್ಲಿ ಮಸೂದೆಯ ಗದ್ದಲ ಆಗಿ ತಡೆಹಿಡಿದಿದ್ದು ನಿಮಗೆ ನೆನಪಿರಬಹುದು. ಆ ವಾದ ವಿಧಾನಸೌಧದಲ್ಲಿ ಇರಲಿ. ನನ್ನ ಲೆಕ್ಕ ಬೇರೆ: ಸಂಜೆ ಮನೆಗೆ ಹೋಗಿ ಊಟ ಮಾಡುವ ಕೆಲಸಗಾರ ಜಾಸ್ತಿ ದಿನ ಉಳಿಯುತ್ತಾನೆ.

3. ಇಂಟರ್‌ವ್ಯೂ ಬೇಡ, ಎರಡು ಗಂಟೆ ಕೆಲಸ ಕೊಡಿ

ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಡಿ. ಒಂದು ಎಂಎಸ್ (ಸಾದಾ ಉಕ್ಕು) ತುಂಡು, ಒಂದು ಅರ ಕೊಟ್ಟು, ಗೆರೆ ಹಾಕಿದಲ್ಲಿಯವರೆಗೆ ಸಪಾಟಾಗಿ ಉಜ್ಜು ಅನ್ನಿ. ಚೆನ್ನಾಗಿ ಉಜ್ಜಿದನಾ ಅನ್ನೋದಕ್ಕಿಂತ, ನಡುವೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿದನಾ ಅಂತ ಗಮನಿಸಿ. ನೋಡುವವನು ಕಲಿಯುತ್ತಾನೆ.

ಆಮೇಲೆ ಒಂದೇ ಒಂದು ಪ್ರಶ್ನೆ: 0.4, 0.04, 0.25, ಇದರಲ್ಲಿ ದೊಡ್ಡದು ಯಾವುದು? ಅರ್ಧಕ್ಕರ್ಧ ಜನ 0.25 ಅನ್ನುತ್ತಾರೆ, ನಾಲ್ಕಕ್ಕಿಂತ ಇಪ್ಪತ್ತೈದು ದೊಡ್ಡದಲ್ವಾ! ನಗಬೇಡಿ, ಡಿಪ್ಲೊಮಾ ಮಾಡಿದವರೂ ಅಂದಿದ್ದಾರೆ. ತಪ್ಪು ಹೇಳಿದವರನ್ನು ವಾಪಸ್ ಕಳಿಸಲೂಬೇಡಿ. ಈ ಹುಡುಗನಿಗೆ ಮೊದಲ ವಾರ ದಶಮಾಂಶ ಕಲಿಸಬೇಕು ಅಂತ ಗುರುತು ಮಾಡಿಕೊಳ್ಳಿ, ಅಷ್ಟೇ.

ಈ ಪ್ರಶ್ನೆ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ನಾಲ್ಕು ವರ್ಷದ ಹಿಂದೆ ಹೊಸ ಹುಡುಗನೊಬ್ಬ ಜಾಬ್ 0.04 ಮಿಲಿಮೀಟರ್ ದಪ್ಪ ಬಂದಿದೆ ಅಂತ ಸರಿಯಾಗೇ ಅಳೆದ, ಮೈನಸ್ ಹಾಕಬೇಕು ಅಂತಲೂ ಗೊತ್ತಿತ್ತು, ಆದರೆ ಆಫ್‌ಸೆಟ್‌ನಲ್ಲಿ 0.4 ಒತ್ತಿದ. ಊಟದ ಹೊತ್ತು. 11 ಪೀಸ್ ಸಣ್ಣದಾಗಿ ಗುಜರಿಗೆ ಹೋದವು. ದಪ್ಪ ಬಂದರೆ ಇನ್ನೊಮ್ಮೆ ತೆಗೆಯಬಹುದು, ಸಣ್ಣ ಆದರೆ ಏನು ಮಾಡುತ್ತೀರಿ? ಅವತ್ತು ಅವನ ಮೇಲೆ ಕೂಗಾಡಿದೆ. ರಾತ್ರಿ ಕೂತು ಯೋಚಿಸಿದರೆ, ಅವನಿಗೆ ಅದನ್ನು ಯಾರೂ ಕಲಿಸಿಯೇ ಇರಲಿಲ್ಲ, ನಾನೂ ಸೇರಿ.

4. ಐಟಿಐಗೆ ಹೋಗಿ, ಬರಿಗೈಲಿ ಹೋಗಬೇಡಿ

ಕ್ಯಾಂಪಸ್ ಸಂದರ್ಶನದ ದಿನ ಮಾತ್ರ ಮುಖ ತೋರಿಸುವ ಮಾಲೀಕರಿಗೆ ಉಳಿದ ಹುಡುಗರೇ ಸಿಗುವುದು. ವರ್ಷದ ಮಧ್ಯದಲ್ಲಿ ಹೋಗಿ. ಹೋಗುವಾಗ ನಿಮ್ಮಲ್ಲಿ ಮಿಕ್ಕ ರಾಡು, ಪ್ಲೇಟು ತುಂಡು, ಹಳೇ ಡ್ರಾಯಿಂಗ್ ನಾಲ್ಕು ತೆಗೆದುಕೊಂಡು ಹೋಗಿ. ಅಭ್ಯಾಸಕ್ಕೆ ಕಬ್ಬಿಣ ಸಾಲದೆ ಒಂದೇ ತುಂಡನ್ನು ಮತ್ತೆ ಮತ್ತೆ ಉಜ್ಜುವ ಮಕ್ಕಳಿರುತ್ತಾರೆ. ಅಲ್ಲಿನ ಕಿರಿಯ ತರಬೇತಿ ಅಧಿಕಾರಿಯನ್ನು, ಅಂದರೆ ಎಲ್ಲರೂ ಜೆಟಿಒ ಅನ್ನುತ್ತಾರಲ್ಲ ಅವರನ್ನು, ಒಂದು ದಿನ ನಿಮ್ಮ ಶಾಪಿಗೆ ಕರೆಯಿರಿ, ಚಹಾ ಕೊಟ್ಟು ನಿಮ್ಮ ಗುಜರಿ ಡಬ್ಬಿ ತೋರಿಸಿ. ಎಲ್ಲಿ ತಪ್ಪಾಗುತ್ತಿದೆ ಅಂತ ಅವರಿಗೆ ಹೇಳುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಕೋರ್ಸು, ವೆಲ್ಡರ್ ಒಂದು ವರ್ಷ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿ 2022ರ ಜೂನ್‌ನಲ್ಲಿ ಉದ್ಘಾಟನೆ ಮಾಡಿದರು. ಅಂಥ ಐಟಿಐಯಲ್ಲಿ ನಿಮ್ಮಲ್ಲಿ ಇಲ್ಲದ ಯಂತ್ರವೂ ಇರಬಹುದು, ನಿಮ್ಮ ಹಳೇ ಕೆಲಸಗಾರರಿಗೇ ಅಲ್ಲಿ ಸ್ವಲ್ಪ ದಿನ ಕಲಿಯೋಕೆ ಅವಕಾಶ ಸಿಗುತ್ತದಾ ಅಂತ ಕೇಳಿ. ಹರಿಹರದಲ್ಲಿ ಜಿಟಿಟಿಸಿ ಇದೆ, ಸರ್ಕಾರಿ ಉಪಕರಣಾಗಾರ. ಟೂಲ್ ಅಂಡ್ ಡೈ ಕಲಿತು ಬರುವ ಹುಡುಗರು ಚುರುಕು, ಆದರೆ ಅವರನ್ನು ದೊಡ್ಡ ಕಂಪನಿಗಳು ಮುಂಚೆಯೇ ಎತ್ತಿಕೊಂಡು ಹೋಗುತ್ತವೆ. ನನ್ನಂಥ ಸಣ್ಣ ಶಾಪಿನವರು ಹತ್ತು ಜನ ಸಿಗುತ್ತಾರೆ ಅಂತ ಕಾಯಬಾರದು, ಒಬ್ಬ ಸಿಕ್ಕರೆ ಹಬ್ಬ.

5. ಅಪ್ರೆಂಟಿಸ್ ಲೆಕ್ಕ

ಇದಕ್ಕೆ ಹೆದರುವವರೇ ಜಾಸ್ತಿ, ಅಷ್ಟೇನಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಕಡೆ, ಗುತ್ತಿಗೆಯವರೂ ಸೇರಿ ಒಟ್ಟು ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನ ಇದ್ದರೆ ನಿಮ್ಮಿಷ್ಟ. 2019ರ ನಿಯಮದಲ್ಲಿ ಸ್ಟೈಪೆಂಡ್ ಕನಿಷ್ಠ ಇಷ್ಟು ಅಂತ ಹಾಕಿದ್ದರು: ಹತ್ತನೇ ಕ್ಲಾಸ್ ಪಾಸಾದವರಿಗೆ ತಿಂಗಳಿಗೆ 6,000 ರೂಪಾಯಿ, ಐಟಿಐ ಮುಗಿಸಿದವರಿಗೆ 7,000, ಡಿಪ್ಲೊಮಾದವರಿಗೆ 8,000. ಎರಡನೇ ವರ್ಷ ಶೇ 10 ಏರಿಕೆ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ, ಅವತ್ತಿನ ದರ ನೋಡಿಕೊಂಡು, ಒಪ್ಪಂದ ಅಲ್ಲೇ ಮಾಡಿ. 2016ರಲ್ಲಿ ಬಂದ ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ) ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ 25, ಹೆಚ್ಚೆಂದರೆ ತಿಂಗಳಿಗೆ 1,500 ರೂಪಾಯಿ, ಕೇಂದ್ರ ಸರ್ಕಾರ ಕೊಡುತ್ತದೆ.

ಕಾಯ್ದೆ ಹೇಳಿದ್ದು ಕನಿಷ್ಠ. ನಾನು ಅದರ ಮೇಲೆ ಮಧ್ಯಾಹ್ನದ ಊಟ ಹಾಕುತ್ತೇನೆ. ಅಪ್ರೆಂಟಿಸ್ ಅಂತ ಹೆಸರಿಟ್ಟು ಕಸ ಗುಡಿಸೋಕೂ ಲೋಡ್ ಇಳಿಸೋಕೂ ಇಟ್ಟುಕೊಳ್ಳುವವರಿದ್ದಾರೆ. ಆ ಸುದ್ದಿ ಹಾಸ್ಟೆಲ್ಲಿಗೆ ಮುಟ್ಟೋಕೆ ಒಂದು ಸಂಜೆ ಸಾಕು, ಮುಂದಿನ ವರ್ಷ ಅವರ ಗೇಟಿಗೆ ಯಾರೂ ಬರುವುದಿಲ್ಲ.

6. ಕಲಿಸುವವರನ್ನು ಕಟ್ಟೆಯಿಂದ ಎಬ್ಬಿಸಿ ಕರೆತನ್ನಿ

ಇಡೀ ಬರಹದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ನಮ್ಮಲ್ಲಿಗೆ ವಾರಕ್ಕೆ ಮೂರು ದಿನ ಬೆಳಗ್ಗೆ ಹರಿಹರದಿಂದ ಒಬ್ಬ ಹಿರಿಯರು ಬರುತ್ತಾರೆ, ನಿವೃತ್ತ ಟರ್ನರ್. ಹುಡುಗರೆಲ್ಲ ಮೇಷ್ಟ್ರು ಅನ್ನುತ್ತಾರೆ. ಸಿಎನ್‌ಸಿ ಅವರಿಗೆ ಬರುವುದಿಲ್ಲ, ಬರಬೇಕಾಗೂ ಇಲ್ಲ. ಯಂತ್ರದ ಕಡೆ ಬೆನ್ನು ಹಾಕಿ ನಿಂತೇ "ಕಿವಿಗೊಟ್ಟು ಕೇಳೋ ತಮ್ಮಾ, ಟೂಲ್ ಅಳಾಕತ್ತೈತಿ" ಅನ್ನುತ್ತಾರೆ, ಹೋಗಿ ನೋಡಿದರೆ ಇನ್ಸರ್ಟ್ ಮೊನೆ ಮುರಿದಿರುತ್ತದೆ. ಚಿಪ್ಸ್ ಬಣ್ಣ ನೋಡಿ ವೇಗ ಹೇಳುತ್ತಾರೆ: ಹೈಸ್ಪೀಡ್ ಸ್ಟೀಲ್ ಟೂಲಿನಲ್ಲಿ ಚಿಪ್ಸ್ ನೀಲಿಯಾದರೆ ಓಟ ಜಾಸ್ತಿ ಆಗಿದೆ ಅಂತ ಅರ್ಥ, ಕಾರ್ಬೈಡ್‌ನಲ್ಲಿ ಅದು ಮಾಮೂಲಿ. ಇಂಥದ್ದು ವಿಡಿಯೋ ನೋಡಿ ಬರುವುದಿಲ್ಲ.

ಅವರನ್ನು ಕರೆಯುವಾಗ ದಿನಕ್ಕಿಷ್ಟು ಅಂತ ಗೌರವಧನ ಮೊದಲೇ ಹೇಳಿಬಿಡಿ. 'ಸುಮ್ನೆ ಬಂದು ಹೋಗ್ರಿ' ಅನ್ನಬೇಡಿ. ಕೂರೋಕೆ ಕುರ್ಚಿ, ಬರಹೋಗೋಕೆ ಗಾಡಿ, ಹತ್ತು ಗಂಟೆಗೆ ಚಹಾ. ಅವರಿಗೆ ಉತ್ಪಾದನೆಯ ಟಾರ್ಗೆಟ್ ಕೊಡಬೇಡಿ. ಮತ್ತೆ ಒಬ್ಬ ಚುರುಕಾದ ಸಿಎನ್‌ಸಿ ಹುಡುಗನನ್ನು ಜೊತೆ ಮಾಡಿ, ಮೇಷ್ಟ್ರು ಹೇಳಿದ್ದನ್ನು ಅವನು ಯಂತ್ರದ ಭಾಷೆಗೆ ತಿರುಗಿಸುತ್ತಾನೆ. "ನಮ್ಮ ಕಾಲದಾಗೆ..." ಅಂತ ಶುರುವಾದರೆ ಅರ್ಧ ಗಂಟೆ ಹೋಗುತ್ತದೆ, ಹೋಗಲಿ ಬಿಡಿ.

ತೊಂದರೆ ಬರುವುದು ಬೇರೆ ಕಡೆಯಿಂದ. ಈಗಾಗಲೇ ಇರುವ ನಿಮ್ಮ ಸೀನಿಯರ್ ಕಲಿಸುವುದಿಲ್ಲ. ಹುಡುಗ ಪಕ್ಕಕ್ಕೆ ಬಂದರೆ ಬೆನ್ನು ಅಡ್ಡ ಹಿಡಿಯುತ್ತಾನೆ. ಅವನ ಯೋಚನೆ ತಪ್ಪಲ್ಲ, ಇವನು ಕಲಿತರೆ ನನ್ನ ಬೆಲೆ ಏನು ಅಂತ ಅವನಿಗೆ ಭಯ. ಭಾಷಣದಿಂದ ಇದು ಹೋಗುವುದಿಲ್ಲ, ದುಡ್ಡಿನಿಂದ ಹೋಗುತ್ತದೆ. ನಾವು ಕಲಿತ ಹುಡುಗ 90ನೇ ದಿನದ ಪರೀಕ್ಷೆ ಪಾಸಾದರೆ ಕಲಿಸಿದವರಿಗೆ 3,000 ರೂಪಾಯಿ ಕೊಡುತ್ತೇವೆ, ಎಲ್ಲರ ಎದುರಿಗೆ, ಕೈಯಲ್ಲಿ.

7. ಹೇಗೆ ಕಲಿಸಬೇಕು

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲೂ ಇದೇ ಗೋಳಾಗಿತ್ತು. ಕಾರ್ಖಾನೆಗೆ ಕೆಲಸ ವಿಪರೀತ, ನುರಿತವರು ಕಮ್ಮಿ. ಅಲ್ಲಿ 1940ರಲ್ಲಿ 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ' ಅನ್ನೋ ಕಾರ್ಯಕ್ರಮ ಶುರು ಮಾಡಿ, ಮೇಸ್ತ್ರಿಗಳಿಗೆ ಕಲಿಸುವ ವಿಧಾನವನ್ನೇ ಕಲಿಸಿದರು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯಿತು. ವಿಧಾನದಲ್ಲಿ ನಾಲ್ಕೇ ಹೆಜ್ಜೆ: ಹುಡುಗನನ್ನು ತಯಾರು ಮಾಡು, ಮಾಡಿ ತೋರಿಸು, ಅವನ ಕೈಯಲ್ಲಿ ಮಾಡಿಸು, ಆಮೇಲೆ ಬಿಟ್ಟು ಆಗಾಗ ನೋಡು.

ಕೇಳೋಕೆ ಇಷ್ಟೇನಾ ಅನ್ನಿಸುತ್ತದೆ. ಆದರೆ ನಾವು ಮಾಡುವುದು ಎರಡನೇ ಹೆಜ್ಜೆ ಮಾತ್ರ, ಅದೂ ಒಂದೇ ಸಲ, ಅದೂ ಗಡಿಬಿಡಿಯಲ್ಲಿ. ಚಕ್ಕಿಗೆ ಜಾಬ್ ಹಿಡಿಸುವುದನ್ನೇ ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ ಮೂರು ಕಂಬ ಹಾಕಿ: ಏನು ಮಾಡಬೇಕು, ಎಲ್ಲಿ ಹುಷಾರು, ಯಾಕೆ. 'ಚಕ್ಕಿನ ಜಾ (ತುಂಡನ್ನು ಕಚ್ಚುವ ದವಡೆ) ಒರೆಸು. ಬಟ್ಟೆಯಲ್ಲಲ್ಲ, ಬ್ರಷ್ಷಿನಲ್ಲಿ. ಯಾಕೆಂದರೆ ಒಂದು ಚಿಪ್ ಸಿಕ್ಕಿಕೊಂಡರೂ ಜಾಬ್ ಓರೆಯಾಗಿ ತಿರುಗುತ್ತದೆ.' 'ಬಿಗಿ ಮಾಡಿ ಕೀ ತೆಗೆ. ಕೈಯಿಂದ ಕೀ ಬಿಡುವುದು ಚಕ್ಕಿನಿಂದ ತೆಗೆದ ಮೇಲೆಯೇ. ಯಾಕೆಂದರೆ ಕೀ ಅಲ್ಲೇ ಇದ್ದು ಲೇಥ್ ಆನ್ ಆದರೆ ಅದು ಗುಂಡಿನ ಹಾಗೆ ಬರುತ್ತದೆ.' ಯಾಕೆ ಅನ್ನೋ ಕಂಬವನ್ನು ಬಿಡಬೇಡಿ. ಹುಡುಗರು ಮರೆಯುವುದು ಯಾಕೆ ಅಂತ ಗೊತ್ತಿಲ್ಲದ್ದನ್ನೇ.

ಮೂರನೇ ಹೆಜ್ಜೆಯಲ್ಲಿ ಮಾಡುತ್ತಾ ಮಾಡುತ್ತಾ ಅವನೇ ಬಾಯಿಬಿಟ್ಟು ಹೇಳಬೇಕು. ಮೊದಲು ನಾಚಿಕೆ, ಆಮೇಲೆ ಸರಿಯಾಗುತ್ತದೆ. ಅವನು ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಲಿ. ಕಂಟ್ರೋಲ್ ಪ್ಯಾನೆಲ್ ಇಂಗ್ಲಿಷಿನಲ್ಲಿರುತ್ತದೆ, ನಾವು ಗುಂಡಿಗಳ ಪಕ್ಕ ಕನ್ನಡದ ಚೀಟಿ ಅಂಟಿಸಿದ್ದೇವೆ, ಪದೇ ಪದೇ ಬರುವ ಅಲಾರಂಗಳ ಅರ್ಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ತೂಗುಹಾಕಿದ್ದೇವೆ.

8. ಮೊದಲ ತೊಂಬತ್ತು ದಿನ

ಮೊದಲ ವಾರ ಯಂತ್ರ ಮುಟ್ಟಿಸಬೇಡಿ. 18 ತುಂಬದವರನ್ನು ನಾವು ಯಂತ್ರದ ಹತ್ತಿರ ನಿಲ್ಲಿಸುವುದೇ ಇಲ್ಲ. ಸುರಕ್ಷತೆ, ಉಪಕರಣಗಳ ಹೆಸರು, ಅಳತೆ, ದಶಮಾಂಶ ಇಷ್ಟೇ. ಲೇಥ್ ಮುಂದೆ ಗ್ಲೌಸ್ ಹಾಕಬಾರದು ಅಂದರೆ ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ; ತಿರುಗುವ ಜಾಬಿಗೆ ಗ್ಲೌಸ್ ಸಿಕ್ಕಿಕೊಂಡರೆ ಕೈಯೇ ಒಳಗೆ ಹೋಗುತ್ತದೆ ಅಂತ ಹೇಳಿ. ಉಂಗುರ, ಉದ್ದ ತೋಳು, ಬಿಚ್ಚಿದ ಕೂದಲು, ವೇಲು, ಯಾವುದೂ ಇಲ್ಲ. ಕಷ್ಟ ಬರುವುದು ದೇವರ ದಾರಕ್ಕೆ. ಮುಂಗೈಗೆ ಕಟ್ಟಿದ್ದನ್ನು ಬಿಚ್ಚು ಅಂದರೆ ಹುಡುಗ ಮುಖ ಸಣ್ಣ ಮಾಡುತ್ತಾನೆ. ಮೇಷ್ಟ್ರು ಅದಕ್ಕೊಂದು ದಾರಿ ಹುಡುಕಿದರು: ಗೇಟಿನ ಪಕ್ಕ ದೇವರ ಫೋಟೋ ಕೆಳಗೆ ಮೊಳೆ ಹೊಡೆಸಿದರು, ಪಾಳಿಗೆ ಬರುವಾಗ ದಾರ ಅಲ್ಲಿ ತೂಗುಹಾಕಿ ಬರುತ್ತಾರೆ, ಹೋಗುವಾಗ ಕಟ್ಟಿಕೊಳ್ಳುತ್ತಾರೆ.

ಅಳತೆ ಕಲಿಸುವಾಗ ವರ್ನಿಯರ್ 0.02, ಮೈಕ್ರೋಮೀಟರ್ 0.01 ಅಂತ ಬಾಯಿಪಾಠ ಮಾಡಿಸಬೇಡಿ. ಅವನ ತಲೆಗೂದಲು ಒಂದನ್ನು ಕೀಳಿಸಿ ಅಳೆಯಲು ಹೇಳಿ. 0.07ರ ಆಸುಪಾಸು ಬರುತ್ತದೆ. ಕೂದಲಿನ ಕಾಲು ಭಾಗದಷ್ಟು ತಪ್ಪಿದರೂ ಬೇರಿಂಗ್ ಕೂರುವುದಿಲ್ಲ ಅಂದರೆ ಆಗ ಕಣ್ಣು ಅಗಲ ಮಾಡುತ್ತಾನೆ.

ಎರಡನೇ ವಾರದಿಂದ ತಿಂಗಳ ಕೊನೆವರೆಗೆ ಅರ್ಧ ದಿನ ಬೆಂಚು, ಅರ್ಧ ದಿನ ಆಪರೇಟರ್ ಪಕ್ಕ. ಎರಡನೇ ತಿಂಗಳು ಒಂದೇ ಯಂತ್ರ, ಒಂದೇ ಜಾಬ್. ಮೊದಲ ಪೀಸ್ ಬೇರೆಯವರು ನೋಡಿ ಸಹಿ ಹಾಕಬೇಕು, ಆಮೇಲೆ ಪ್ರತಿ ಐದನೇ ಪೀಸ್ ಅವನೇ ಅಳೆದು ಬರೆಯಬೇಕು. ಮೂರನೇ ತಿಂಗಳು ಆಫ್‌ಸೆಟ್, ಅದರಲ್ಲೂ ಒಂದು ನಿಯಮ: ಒತ್ತುವ ಮುಂಚೆ ಸಂಖ್ಯೆಯನ್ನು ಜೋರಾಗಿ ಓದಬೇಕು. 'ಮೈನಸ್ ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು.' 90ನೇ ದಿನ ಯಾರ ಸಹಾಯವೂ ಇಲ್ಲದೆ 20 ಪೀಸ್.

ಫೇಲಾದರೆ ಇನ್ನೊಂದು ತಿಂಗಳು ಕೊಡಿ. ಎರಡನೇ ಸಲವೂ ಆಗಲಿಲ್ಲ ಅಂದರೆ ಪ್ಯಾಕಿಂಗೋ ಸ್ಟೋರೋ ನೋಡಿ, ಎಲ್ಲರ ಕೈಯೂ ಒಂದೇ ಥರ ಇರುವುದಿಲ್ಲ.

9. ಗೋಡೆ ಮೇಲಿನ ದೋಸೆ

ಒಂದು ಚಾರ್ಟು. ಎಡಕ್ಕೆ ಹೆಸರು, ಮೇಲೆ ಮೊದಲ ಹೆಜ್ಜೆಯಲ್ಲಿ ಬರೆದ ಕೆಲಸಗಳು. ಪ್ರತಿ ಮನೆಯಲ್ಲಿ ಒಂದು ವೃತ್ತ, ನಾಲ್ಕು ಭಾಗ. ಒಂದು ತುಂಬಿದರೆ ನೋಡಿದ್ದಾನೆ, ಎರಡಾದರೆ ಜೊತೆಗಿದ್ದರೆ ಮಾಡುತ್ತಾನೆ, ಮೂರಾದರೆ ಒಬ್ಬನೇ ಮಾಡುತ್ತಾನೆ, ಪೂರ್ತಿ ಅಂದರೆ ಬೇರೆಯವರಿಗೆ ಕಲಿಸುತ್ತಾನೆ. ನಮ್ಮ ಹುಡುಗರು ಇದಕ್ಕೆ ದೋಸೆ ಅನ್ನುತ್ತಾರೆ, "ನಂದು ಇನ್ನೂ ಅರ್ಧ ದೋಸೆ ಸಾರ್." ಮೂರು ಭಾಗ ತುಂಬಿದ ಪ್ರತಿ ಮುಖ್ಯ ಕೆಲಸಕ್ಕೆ ತಿಂಗಳಿಗೆ 500 ರೂಪಾಯಿ ಏರಿಕೆ. ಯಾರಿಗೆ ಯಾಕೆ ಜಾಸ್ತಿ ಅನ್ನೋ ಗುಸುಗುಸು ಇಲ್ಲ, ಗೋಡೆ ಮೇಲೇ ಇದೆ. ಒಂದು ಕೆಲಸದ ಕೆಳಗಿನ ಕಂಬದಲ್ಲಿ ಪೂರ್ತಿ ವೃತ್ತ ಒಂದೇ ಒಂದು ಇದ್ದರೆ ಆ ಕೆಲಸ ಅಪಾಯದಲ್ಲಿದೆ ಅಂತ ನಿಮಗೂ ಗೊತ್ತಾಗುತ್ತದೆ.

10. ಮೆಕ್ಕೆಜೋಳ, ಜಾತ್ರೆ ಮತ್ತು ಬಿಟ್ಟು ಹೋಗುವವರು

ಅಕ್ಟೋಬರ್, ನವೆಂಬರ್‌ನಲ್ಲಿ ಮೆಕ್ಕೆಜೋಳ ಮುರಿಯುತ್ತಾರೆ, ಚನ್ನಗಿರಿ ಕಡೆಯವರಿಗೆ ಅಡಿಕೆ ಕೊಯ್ಲು. ಹುಡುಗ ರಜೆ ಕೇಳುತ್ತಾನೆ, ಕೊಡದಿದ್ದರೆ ಹೇಳದೆ ಹೋಗುತ್ತಾನೆ. ಅದಕ್ಕೆ ಸೆಪ್ಟೆಂಬರ್‌ನಲ್ಲೇ ಎಲ್ಲರನ್ನೂ ಕೂರಿಸಿ ಯಾರಿಗೆ ಯಾವ ವಾರ ಅಂತ ಬರೆದುಬಿಡಿ. ದುಗ್ಗಮ್ಮನ ಜಾತ್ರೆ ಇರುವ ವರ್ಷ ಆ ವಾರ ಡೆಲಿವರಿ ಒಪ್ಪಿಕೊಳ್ಳಲೇಬೇಡಿ, ಯಂತ್ರ ರಿಪೇರಿ ಇಟ್ಟುಕೊಳ್ಳಿ. ಚಾರ್ಟಿನಲ್ಲಿ ವೃತ್ತಗಳು ತುಂಬಿದಷ್ಟೂ ಈ ವಾರಗಳು ಹಗುರ, ಒಬ್ಬರ ಜಾಗಕ್ಕೆ ಇನ್ನೊಬ್ಬರು ನಿಲ್ಲುತ್ತಾರೆ.

ಒಬ್ಬರಿಗೇ ಮೇಷ್ಟ್ರನ್ನು ಇಟ್ಟುಕೊಳ್ಳೋಕೆ ಆಗದಿದ್ದರೆ ಪಕ್ಕದ ಮೂರ್ನಾಲ್ಕು ಶೆಡ್ಡಿನವರು ಸೇರಿ. ಒಬ್ಬರ ಜಾಗದಲ್ಲಿ ಬೆಂಚು, ವೈಸ್, ಒಂದು ಹಳೇ ಲೇಥ್, ಗೌರವಧನ ಹಂಚಿಕೊಳ್ಳಿ. ಒಬ್ಬರ ಹುಡುಗರನ್ನು ಇನ್ನೊಬ್ಬರು ಒಂದು ವರ್ಷ ಎಳೆದುಕೊಳ್ಳುವುದಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ. ಮಂಡಕ್ಕಿ ಮಿರ್ಚಿ ಮುಂದೆ ಕೂತು ಆಡಿದ ಮಾತೇ ನಮ್ಮಲ್ಲಿ ಎರಡು ವರ್ಷ ನಡೆದಿದೆ, ಮುರಿದಿದ್ದು ಒಂದೇ ಸಲ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಹೋಗದ ಹಾಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ಚಾಳಿ ನಮ್ಮ ಕಡೆ ಇದೆ, ಅದನ್ನು ಬಿಟ್ಟುಬಿಡಿ. ಒಂದು ತಿಂಗಳು ಮುಂಚೆ ಹೇಳು, ಬದಲಿಗೆ ಬರುವವನಿಗೆ ಕಲಿಸಿ ಹೋಗು ಅಂತ ಕೇಳಿ, ಬಾಕಿ ಸಂಬಳ ಅವತ್ತೇ ಕೊಟ್ಟು, ಏನೇನು ಕಲಿತ ಅಂತ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ. 11 ಪೀಸ್ ಗುಜರಿ ಮಾಡಿದನಲ್ಲ, ಆ ಹುಡುಗ ಎರಡು ವರ್ಷ ಚೆನ್ನಾಗಿ ದುಡಿದು ಈಗ ಪೀಣ್ಯದಲ್ಲಿದ್ದಾನೆ. ಹೋದ ತಿಂಗಳು ಫೋನ್ ಮಾಡಿ, "ಸಾರ್, ನಮ್ಮೂರಿಂದ ಇಬ್ಬರನ್ನ ಕಳಸ್ತೀನಿ, ಮೇಷ್ಟ್ರು ಇನ್ನೂ ಬರ್ತಾರಾ?" ಅಂತ ಕೇಳಿದ. ಸೋಮವಾರ ಬೆಳಗ್ಗೆ ಇಬ್ಬರೂ ಬಂದರು, ಕೈಗೆ ಅರ ಕೊಟ್ಟಿದ್ದೇನೆ.